‘ಫೈನ್’ ಪದಕ್ಕೆ ಸರಿಯಾದ ಸಮಾನಪದ ಹುಡುಕುವುದು ಹೇಗೆ?

ಟೆಸ್ಟ್ ಪಂದ್ಯದ ಇಂಗ್ಲಿಷ್ ಕಾಮೆಂಟರಿಯನ್ನು ಒಂದು ದಿನ ಕಿವಿಗೊಟ್ಟು ಕೇಳಿ. ಬೌಂಡರಿ ಹತ್ತಿರ ಒಬ್ಬ ಫೈನ್ ಲೆಗ್‌ನಲ್ಲಿ ನಿಂತಿರುತ್ತಾನೆ. ಚೆಂಡು ಬ್ಯಾಟಿನ ಫೈನ್ ಎಡ್ಜ್ ಸವರಿಕೊಂಡು ಕೀಪರ್ ಕೈಗೆ ಹೋಗುತ್ತದೆ. ಔಟಾದವನು ಆಡಿದ್ದು ಫೈನ್ ಇನಿಂಗ್ಸ್ ಎನ್ನುತ್ತಾರೆ. ನಡುವೆ ಮೊಣಕಾಲಿಗೆ ಚೆಂಡು ಬಡಿದಿತ್ತಲ್ಲ, ಈಗ ಹೇಗಿದ್ದಾನೆ ಅಂದರೆ ‘ಹೀ ಈಸ್ ಫೈನ್’. ಸಂಜೆ ಹೊತ್ತಿಗೆ, ಅಂಪೈರ್ ತೀರ್ಪಿಗೆ ಗೊಣಗಿದ್ದಕ್ಕೆ ಅದೇ ಆಟಗಾರನಿಗೆ ಪಂದ್ಯದ ಸಂಭಾವನೆಯಲ್ಲಿ ಫೈನ್. ಒಂದೇ ಪದ, ಐದು ಕೆಲಸ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಇಂಥ ಪದಕ್ಕೆ ಸಮಾನಪದ ಬೇಕು ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಉದ್ದದ ಪಟ್ಟಿ ಬರುತ್ತದೆ. ಎಕ್ಸಲೆಂಟ್, ಥಿನ್, ಪ್ಯೂರ್, ಸನ್ನಿ, ಸಟಲ್, ಡೆಲಿಕೇಟ್, ಓಕೆ. ಎಲ್ಲವೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಬಹಳ ಜನ ಅದರಲ್ಲಿ ಭಾರಿಯಾಗಿ ಕೇಳಿಸುವ ಒಂದನ್ನು ಎತ್ತಿಕೊಂಡು ತಮ್ಮ ವಾಕ್ಯಕ್ಕೆ ತುರುಕುತ್ತಾರೆ. ಎಡವಟ್ಟು ಆಗುವುದೇ ಅಲ್ಲಿ. ‘ಐ ಆಮ್ ಡೆಲಿಕೇಟ್’ ಅಂತ ಬರೆದರೆ ಓದಿದವರು ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಟಾರು.

ನಿಜ ಹೇಳಬೇಕೆಂದರೆ ‘ಫೈನ್’ ಪದಕ್ಕೆ ಸಮಾನಪದ ಅಂತ ಒಂದೂ ಇಲ್ಲ. ಅದರ ಒಂದೊಂದು ಅರ್ಥಕ್ಕೆ ಬೇರೆ ಬೇರೆ ಇವೆ. ಹಾಗಾಗಿ ಮೊದಲು ಅರ್ಥ ಹಿಡಿಯಬೇಕು. ಅದಕ್ಕೆ ಇಲ್ಲಿ ಹೇಳುವ ದಾರಿ ಸ್ವಲ್ಪ ಉಲ್ಟಾ: ಸಮಾನಪದ ಹುಡುಕುವ ಮೊದಲು ವಿರುದ್ಧಪದ ಹುಡುಕಿ. ಹಂತ ಹಂತವಾಗಿ ನೋಡೋಣ.

ಹಂತ 1: ಇದು ದಂಡದ ಫೈನ್ ಅಲ್ಲ ತಾನೇ?

ನಮ್ಮ ಕಡೆ ‘ಫೈನ್’ ಅಂದ ಕೂಡಲೇ ಮೊದಲು ನೆನಪಾಗುವುದು ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವರು ಕಟ್ಟುವ ದುಡ್ಡು. ಅದು ನಾಮಪದ. ದಂಡ ಹಾಕುವುದು ಎಂಬ ಅರ್ಥದಲ್ಲಿ ಕ್ರಿಯಾಪದವೂ ಹೌದು. ನಮಗೆ ಬೇಕಾದ್ದು ಗುಣವಾಚಕ. ವಾಕ್ಯದಲ್ಲಿ ‘ಪೇ’, ‘ಇಂಪೋಸ್’ ತರಹದ ಪದ ಅಥವಾ ರೂಪಾಯಿ ಲೆಕ್ಕ ಇದ್ದರೆ ಅದು ದಂಡ. ಅದಕ್ಕೆ ಸಮಾನಪದ ಪೆನಾಲ್ಟಿ, ಅಷ್ಟೇ. ‘ಫೈನ್ ಫಾರ್ ಪಾರ್ಕಿಂಗ್’ ಅಂತ ಬೋರ್ಡ್ ಇತ್ತು, ಗಾಡಿ ನಿಲ್ಲಿಸೋಕೆ ಚೆನ್ನಾಗಿದೆ ಅಂದುಕೊಂಡು ನಿಲ್ಲಿಸಿದೆ ಎಂಬ ಹಳೇ ಇಂಗ್ಲಿಷ್ ಜೋಕು ನಿಂತಿರುವುದು ಈ ಗೊಂದಲದ ಮೇಲೇ.

ತಮಾಷೆ ಏನೆಂದರೆ ಎರಡೂ ಒಂದೇ ಬೇರಿನವು. ಲ್ಯಾಟಿನ್‌ನಲ್ಲಿ ‘ಫೀನಿಸ್’ ಅಂದರೆ ಕೊನೆ, ಎಲ್ಲೆ. ಅದು ಹಳೇ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಕೊನೆ ಮುಟ್ಟಿಸಿದ ಕೆಲಸ, ಅಂದರೆ ಇನ್ನು ತಿದ್ದಲು ಏನೂ ಉಳಿದಿಲ್ಲದ ಕೆಲಸ, ‘ಫೈನ್’ ಆಯಿತು. ಜಗಳವನ್ನು ಕೊನೆಗಾಣಿಸಲು ಕೊಟ್ಟ ಹಣವೂ ‘ಫೈನ್’ ಆಯಿತು. ಫಿನಿಶ್, ಫೈನಲ್, ರಿಫೈನ್, ಡಿಫೈನ್ ಎಲ್ಲ ಇದೇ ಕುಟುಂಬ. ಫೈನಾನ್ಸ್ ಕೂಡ. ಸಾಲ ತೀರಿಸಿ ಲೆಕ್ಕ ಮುಗಿಸುವುದು ಅದರ ಹಳೇ ಅರ್ಥ. ಈಗ ಫೈನಾನ್ಸ್ ಅಂದರೆ ಸಾಲ ಶುರುವಾಗುವ ಜಾಗ, ಅದು ಬೇರೆ ಮಾತು.

ಈ ಇತಿಹಾಸವನ್ನು ಬಾಯಿಪಾಠ ಮಾಡಬೇಕಿಲ್ಲ. ಆದರೆ ಒಂದು ಉಪಯೋಗ ಇದೆ. ‘ಚೆನ್ನಾಗಿ ತೀಡಿ ತೀಡಿ ಮುಗಿಸಿದ್ದು’ ಎಂಬ ಒಂದು ಕಲ್ಪನೆಯಿಂದಲೇ ನುಣುಪು, ತೆಳು, ಶುದ್ಧ, ಸೂಕ್ಷ್ಮ, ಉತ್ತಮ ಎಲ್ಲ ಕವಲೊಡೆದಿವೆ ಅಂತ ಗೊತ್ತಿದ್ದರೆ, ಮುಂದೆ ಬರುವ ಅರ್ಥಗಳು ದಿಕ್ಕಾಪಾಲಾಗಿ ಕಾಣುವುದಿಲ್ಲ.

ಹಂತ 2: ಪದ ಎಲ್ಲಿ ಕೂತಿದೆ ನೋಡಿ

ಇದು ಸಣ್ಣ ಹಂತ, ಆದರೆ ಆಫೀಸ್ ಇಮೇಲ್ ಬರೆಯುವವರಿಗೆ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿಲ್ಲ. ಎರಡು ವಾಕ್ಯ ನೋಡಿ.

‘ಶೀ ಈಸ್ ಎ ಫೈನ್ ಟೀಚರ್.’
‘ದ ನ್ಯೂ ಟೀಚರ್ ಈಸ್ ಫೈನ್.’

ಮೊದಲನೆಯದು ದೊಡ್ಡ ಹೊಗಳಿಕೆ. ಬಹಳ ಒಳ್ಳೇ ಟೀಚರ್ ಅಂತ. ಎರಡನೆಯದು ‘ಪರವಾಗಿಲ್ಲ, ನಡೆಯುತ್ತೆ’ ಅಂತ. ಅಥವಾ ಹುಷಾರಾಗಿದ್ದಾರೆ ಅಂತ. ನಾಮಪದದ ಮುಂದೆ ಕೂತರೆ ‘ಫೈನ್’ ಮೇಲಕ್ಕೇರುತ್ತದೆ. ‘ಈಸ್’, ‘ವಾಸ್’ ಹಿಂದೆ ಒಂಟಿಯಾಗಿ ನಿಂತರೆ ಸಾಧಾರಣ ಮಟ್ಟಕ್ಕೆ ಇಳಿಯುತ್ತದೆ.

ಸಹೋದ್ಯೋಗಿಯೊಬ್ಬರು ವಾರಗಟ್ಟಲೆ ಕೂತು ವರದಿ ಮಾಡಿದ್ದಾರೆ ಅಂದುಕೊಳ್ಳಿ. ನೀವು ಖುಷಿಯಾಗಿ ‘ಯುವರ್ ರಿಪೋರ್ಟ್ ಈಸ್ ಫೈನ್’ ಅಂತ ಬರೆದು ಕಳಿಸುತ್ತೀರಿ. ಅವರಿಗೆ ಕೇಳಿಸುವುದು ‘ಸಾಕು ಬಿಡಿ, ಇದೇ ಇರಲಿ’ ಅಂತ. ಹೊಗಳಬೇಕಿದ್ದರೆ ‘ದಿಸ್ ಈಸ್ ಎ ಫೈನ್ ರಿಪೋರ್ಟ್’ ಅನ್ನಿ, ಇಲ್ಲವೇ ನೇರವಾಗಿ ‘ಎಕ್ಸಲೆಂಟ್’ ಅನ್ನಿ. ಕನ್ನಡದಲ್ಲಿ ‘ಚೆನ್ನಾಗಿದೆ’ ಅಂದರೆ ಎರಡೂ ಕಡೆ ಹೊಗಳಿಕೆಯೇ. ಅದಕ್ಕೇ ನಮಗೆ ಈ ವ್ಯತ್ಯಾಸ ಬೇಗ ಕಿವಿಗೆ ಬೀಳುವುದಿಲ್ಲ.

ಹಂತ 3: ಉಲ್ಟಾ ಪದ ಕೇಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಇಡೀ ಉಪಾಯ ಇರುವುದು ಇಲ್ಲೇ. ವಾಕ್ಯದಲ್ಲಿ ‘ಫೈನ್’ ಅಲ್ಲದಿದ್ದರೆ ಅದು ಇನ್ನೇನಾಗಿರುತ್ತಿತ್ತು ಅಂತ ಕೇಳಿಕೊಳ್ಳಿ. ಸಿಕ್ಕ ಉತ್ತರವೇ ಅರ್ಥದ ಗುರುತು.

ಅಡುಗೆಮನೆಯಿಂದ ಶುರು ಮಾಡೋಣ. ಇಂಗ್ಲಿಷ್ ರೆಸಿಪಿಯಲ್ಲಿ ‘ಫೈನ್ ಸೆಮೊಲಿನಾ’ ಅಂತ ಇದೆ. ಅಂಗಡಿಗೆ ಹೋಗಿ ಯಾವ ರವೆ ಕೇಳುತ್ತೀರಿ? ಇಲ್ಲಿ ಫೈನ್ ಅಲ್ಲದ್ದು ‘ಕೋರ್ಸ್’. ಓದುವ ಕೋರ್ಸ್ ಅಲ್ಲ. ಉಚ್ಚಾರ ಅದೇ, ಸ್ಪೆಲಿಂಗ್ ಮಾತ್ರ ಸಿ-ಓ-ಎ ಅಂತ ಶುರುವಾಗುತ್ತದೆ. ಕೋರ್ಸ್ ಅಂದರೆ ತರಿ, ದಪ್ಪ. ಹಾಗಾದರೆ ಫೈನ್ ಅಂದರೆ ಸಣ್ಣ ರವೆ, ನಮ್ಮ ಚಿರೋಟಿ ರವೆ. ಉಪ್ಪಿಟ್ಟಿನ ದಪ್ಪ ರವೆ ಹಾಕಿದರೆ ಆ ರೆಸಿಪಿ ಕೆಡುತ್ತದೆ. ಅಕ್ಕಿ ವ್ಯಾಪಾರದಲ್ಲಿ ಫೈನ್, ಸೂಪರ್‌ಫೈನ್ ಅನ್ನುವುದು ಕಾಳಿನ ಸಣ್ಣತನಕ್ಕೆ. ಸಣ್ಣಕ್ಕಿ ಎದುರು ದಪ್ಪಕ್ಕಿ.

ಇದೇ ಜೋಡಿ ಮನೆ ಕಟ್ಟುವ ಜಾಗದಲ್ಲೂ ಸಿಗುತ್ತದೆ. ಎಂಜಿನಿಯರ್ ಕೊಟ್ಟ ಕಾಗದದಲ್ಲಿ ‘ಫೈನ್ ಅಗ್ರಿಗೇಟ್’ ಅಂತಿದ್ದರೆ ಮರಳು ಅಥವಾ ಎಂ-ಸ್ಯಾಂಡ್. ‘ಕೋರ್ಸ್ ಅಗ್ರಿಗೇಟ್’ ಅಂದರೆ ಜಲ್ಲಿ. ಎರಡನ್ನೂ ಬೇರೆ ಮಾಡುವುದು 4.75 ಮಿಲಿಮೀಟರ್ ಜರಡಿ. ಒಳ್ಳೇ ಮರಳು, ಕೆಟ್ಟ ಮರಳು ಎಂಬ ಮಾತೇ ಇಲ್ಲಿ ಬರುವುದಿಲ್ಲ. ಗಾಳಿಯ ಮಾಲಿನ್ಯದ ಸುದ್ದಿಯಲ್ಲೂ ಹೀಗೇ. ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ಅವಕ್ಕೆ ‘ಫೈನ್ ಪಾರ್ಟಿಕಲ್ಸ್’ ಅನ್ನುತ್ತಾರೆ. ಶ್ವಾಸಕೋಶದ ಒಳಗೆ ಆಳಕ್ಕಿಳಿಯುವುದು ಇವೇ. ‘ಉತ್ತಮ ಕಣಗಳು’ ಅಂತ ಯಂತ್ರಾನುವಾದ ಮಾಡಿಬಿಟ್ಟರೆ ದೇವರೇ ಗತಿ.

ಪಿಯುಸಿ ಓದಿದವರು ಮೈಕ್ರೋಸ್ಕೋಪಿನ ಎರಡು ತಿರುಪುಗಳನ್ನು ಮರೆತಿರಲಿಕ್ಕಿಲ್ಲ. ಕೋರ್ಸ್ ಅಡ್ಜಸ್ಟ್‌ಮೆಂಟ್ ತಿರುಗಿಸಿದರೆ ಲೆನ್ಸ್ ದಡಕ್ಕನೆ ಇಳಿಯುತ್ತದೆ. ಫೈನ್ ಅಡ್ಜಸ್ಟ್‌ಮೆಂಟ್ ತಿರುಗಿಸಿದರೆ ಕೂದಲೆಳೆಯಷ್ಟು ಸರಿಯುತ್ತದೆ. ಪುಡಿಯ ಸಣ್ಣತನ ಇಲ್ಲಿ ಚಲನೆಯ ಸಣ್ಣತನ ಆಗಿದೆ. ಹಾಗಾಗಿ ಸಮಾನಪದವೂ ಬದಲಾಗುತ್ತದೆ. ಇಲ್ಲಿ ‘ಪ್ರಿಸೈಸ್’ ಅಥವಾ ‘ಸ್ಮಾಲ್’ ಹೊಂದುತ್ತದೆ, ‘ಪೌಡರಿ’ ಹೊಂದುವುದಿಲ್ಲ.

ಈಗ ನೂಲಿನ ಕಡೆ ಬನ್ನಿ. ಫೈನ್ ನೂಲಿನ ಎದುರು ದಪ್ಪ ನೂಲು, ಅಂದರೆ ‘ಥಿಕ್’ ಅಥವಾ ‘ಕೋರ್ಸ್’. ಸಮಾನಪದ ‘ಥಿನ್’, ‘ಡೆಲಿಕೇಟ್’. ಬಟ್ಟೆ ಆಚೆ ಕಡೆಯದು ಕಾಣುವಷ್ಟು ತೆಳುವಾಗಿದ್ದರೆ ‘ಶಿಯರ್’. ಕನ್ನಡದಲ್ಲಿ ಇದಕ್ಕೆ ಸಪೂರ, ತೆಳು, ನವಿರು ಅಂತ ಎಷ್ಟೊಂದು ಪದ ಇವೆ. ಹತ್ತಿಯ ನೂಲಿನ ನವಿರನ್ನು ಕೌಂಟ್‌ನಲ್ಲಿ ಅಳೆಯುತ್ತಾರೆ. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆ ಎಂಬುದೇ ಕೌಂಟ್. ಹಾಗಾಗಿ ಕೌಂಟ್ ಜಾಸ್ತಿ ಆದಷ್ಟೂ ನೂಲು ಫೈನ್. ರೇಷ್ಮೆಗೆ ಡೆನಿಯರ್ ಲೆಕ್ಕ, 9000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಅಂತ. ಅಲ್ಲಿ ಅಂಕಿ ಕಡಿಮೆ ಆದಷ್ಟೂ ಫೈನ್. 100 ಕೌಂಟ್ ಹತ್ತಿ ನೂಲು ನವಿರಾದ್ದು, 100 ಡೆನಿಯರ್ ರೇಷ್ಮೆ ಹಾಗಲ್ಲ. ಸೀರೆ ಅಂಗಡಿಯಲ್ಲಿ ಬರೀ ‘ಹಂಡ್ರೆಡ್’ ಅಂತ ಕೇಳಿ ತಲೆ ಆಡಿಸಬೇಡಿ.

ಆಸ್ಪತ್ರೆಯಲ್ಲಿ ಗಂಟು ಪರೀಕ್ಷೆಗೆ ಬರೆದುಕೊಡುವ ಎಫ್‌ಎನ್‌ಎಸಿಯಲ್ಲಿ ಮೊದಲ ಎರಡು ಅಕ್ಷರ ‘ಫೈನ್ ನೀಡಲ್’. ಹೆಸರು ಕೇಳಿ ಹೆದರುವವರಿಗೆ ಹೇಳಿ: ಇಲ್ಲೂ ಫೈನ್ ಅಂದರೆ ತೆಳು. ಸಾಮಾನ್ಯವಾಗಿ 22ರಿಂದ 25 ಗೇಜ್‌ನ ಸೂಜಿ. ಗೇಜ್ ಅಂಕಿ ಏರಿದಷ್ಟೂ ಸೂಜಿ ಸಪೂರ.

ಪೆನ್ನಿನ ನಿಬ್‌ಗೆ ಬಂದರೆ ಉಲ್ಟಾ ಪದ ಮತ್ತೆ ಬೇರೆ. ಇಂಕ್ ಪೆನ್ನಿನ ನಿಬ್ ಮೇಲೆ ಎಫ್, ಎಂ, ಬಿ ಅಂತ ಗುರುತು ಇರುತ್ತದೆ. ಫೈನ್, ಮೀಡಿಯಂ, ಬ್ರಾಡ್. ಇಲ್ಲಿ ಎದುರಾಳಿ ‘ಬ್ರಾಡ್’, ಅಂದರೆ ಅಗಲ. ಕ್ರಿಕೆಟ್‌ನ ಫೈನ್ ಲೆಗ್‌ಗೆ ಎದುರಾಳಿ ಇದ್ಯಾವುದೂ ಅಲ್ಲ, ‘ಸ್ಕ್ವೇರ್’. ಸ್ಕ್ವೇರ್ ಲೆಗ್ ಬ್ಯಾಟ್ಸ್‌ಮನ್‌ಗೆ ನೇರ ಲಂಬಕೋನದಲ್ಲಿ, ಒಬ್ಬ ಅಂಪೈರ್ ನಿಲ್ಲುವ ಸಾಲಿನಲ್ಲಿ ಇರುತ್ತದೆ. ಅಲ್ಲಿಂದ ವಿಕೆಟ್ ಹಿಂದಕ್ಕೆ ಸರಿಯುತ್ತಾ ಪಿಚ್ಚಿನ ಗೆರೆಗೆ ಹತ್ತಿರ ಬಂದಷ್ಟೂ ಕೋನ ತೆಳುವಾಗುತ್ತದೆ. ಅದೇ ‘ಫೈನ್’. ‘ಗೋ ಫೈನರ್’ ಅಂತ ಕ್ಯಾಪ್ಟನ್ ಕೂಗಿದರೆ ಇನ್ನೂ ಚೆನ್ನಾಗಿ ಫೀಲ್ಡ್ ಮಾಡು ಅಂತಲ್ಲ, ಆ ಗೆರೆಗೆ ಇನ್ನೂ ಹತ್ತಿರ ಸರಿ ಅಂತ. ಫೈನ್ ಎಡ್ಜ್‌ಗೆ ಎದುರು ‘ಥಿಕ್ ಎಡ್ಜ್’. ಫೈನ್ ಇನಿಂಗ್ಸ್‌ಗೆ ಎದುರು ‘ಪೂರ್’. ನೋಡಿ, ಒಂದೇ ಮೈದಾನದ ಮೂರು ಫೈನ್‌ಗಳನ್ನು ಉಲ್ಟಾ ಪದ ಹೇಗೆ ಬೇರೆ ಬೇರೆ ಮಾಡಿಬಿಟ್ಟಿತು.

ಚಿನ್ನದ ವಿಷಯ ನಮ್ಮವರಿಗೆ ಬೇರೆ ಹೇಳಿಕೊಡಬೇಕಿಲ್ಲ. ಆದರೂ ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಕೊಂಡ ನಾಣ್ಯವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ‘ಫೈನ್ ಗೋಲ್ಡ್ 999’ ಅಂತಲೋ ‘999.9’ ಅಂತಲೋ ಕೆತ್ತಿರುತ್ತದೆ. ಇಲ್ಲಿ ಫೈನ್ ಅಂದರೆ ಸುಂದರ ಅಲ್ಲ, ತೆಳು ಅಲ್ಲ. ಎದುರಾಳಿ ‘ಇಂಪ್ಯೂರ್’, ಅಂದರೆ ಬೇರೆ ಲೋಹ ಬೆರೆತದ್ದು. ಹಾಗಾಗಿ ಫೈನ್ ಅಂದರೆ ಅಪ್ಪಟ, ಚೊಕ್ಕ. ಈ ಶುದ್ಧತೆಯ ಅಳತೆಗೆ ‘ಫೈನ್‌ನೆಸ್’ ಎಂದೇ ಹೆಸರು. ಸಾವಿರ ಪಾಲಿನಲ್ಲಿ ಚಿನ್ನ ಎಷ್ಟು ಪಾಲು ಅಂತ ಲೆಕ್ಕ. 22 ಕ್ಯಾರೆಟ್ ಅಂದರೆ 24ರಲ್ಲಿ 22 ಪಾಲು. ಭಾಗಿಸಿ ನೋಡಿ, ಸಾವಿರಕ್ಕೆ 916 ಬರುತ್ತದೆ. ಅಂಗಡಿಯವರು ‘ನೈನ್ ಒನ್ ಸಿಕ್ಸ್’ ಅನ್ನುವುದು ಅದನ್ನೇ. 18 ಕ್ಯಾರೆಟ್‌ಗೆ 750. 14 ಕ್ಯಾರೆಟ್‌ಗೆ ಭಾಗಿಸಿದರೆ 583 ಬರುತ್ತದೆ, ಆದರೆ ಗುರುತು ಹಾಕುವುದು 585 ಅಂತ. ಬಿಐಎಸ್ ಹಾಲ್‌ಮಾರ್ಕ್ ಇರುವ ಬಳೆಯ ಒಳಗಡೆ ಬಿಐಎಸ್ ಗುರುತು, 22ಕೆ916 ಎಂಬ ಅಂಕಿ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ, ಮೂರೂ ಇರುತ್ತವೆ. ಅಂದ ಮೇಲೆ ‘ಫೈನ್ ಗೋಲ್ಡ್’ ಮತ್ತು ‘ಫೈನ್ ಜ್ಯುವೆಲ್ಲರಿ’ ಒಂದೇ ಅಲ್ಲ. ಎರಡನೆಯದು ಬೆಲೆಬಾಳುವ ಲೋಹ, ಹರಳಿನ ಒಡವೆ. ಅದು 18 ಕ್ಯಾರೆಟ್ ಕೂಡ ಆಗಿರಬಹುದು. ಅದರ ಎದುರಾಳಿ ರೋಲ್ಡ್ ಗೋಲ್ಡ್, ಅಂದರೆ ಕಾಸ್ಟ್ಯೂಮ್ ಜ್ಯುವೆಲ್ಲರಿ.

ಹವಾಮಾನದಲ್ಲಿ ಇನ್ನೊಂದು ತಿರುವು. ಬ್ರಿಟನ್ನಿನ ಹವಾ ಮುನ್ಸೂಚನೆಯಲ್ಲಿ ‘ಫೈನ್ ಅಂಡ್ ಡ್ರೈ’ ಅಂದರೆ ಬಿಸಿಲಿದೆ, ಮಳೆ ಇಲ್ಲ ಅಂತ. ಎದುರಾಳಿ ‘ವೆಟ್’ ಅಥವಾ ‘ಕ್ಲೌಡಿ’. ಮಳೆಗಾಲದ ನಡುವೆ ನಮ್ಮ ಮಲೆನಾಡಿನವರು ‘ಇವತ್ತು ಹೊಳವಾಗಿದೆ’ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಆದರೆ ಏಪ್ರಿಲ್‌ನಲ್ಲಿ ಕಲಬುರಗಿಯವರಿಗೆ ಬಿಸಿಲು ‘ಫೈನ್’ ಅನಿಸೀತೇ? ನಮಗೆ ಮೋಡ ಕವಿದು ತಂಪು ಗಾಳಿ ಬಂದರೇ ಒಳ್ಳೇ ಹವೆ. ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಪ್ಲೆಸೆಂಟ್’ ಅನ್ನಿ. ‘ಫೈನ್ ವೆದರ್’ ಅಂದರೆ ಲಂಡನ್ನಿನವರು ಬಿಸಿಲು ಅಂತಲೇ ತಿಳಿಯುತ್ತಾರೆ. ಇನ್ನು ‘ಫೈನ್ ರೇನ್’ ಅಂದರೆ ಒಳ್ಳೇ ಮಳೆ ಅಲ್ಲ, ಸಣ್ಣ ಹನಿಯ ಸೋನೆ ಮಳೆ. ಎದುರಾಳಿ ದಪ್ಪ ಹನಿ. ಹೀಗಾಗಿ ‘ಫೈನ್ ವೆದರ್’ನಲ್ಲಿ ಮಳೆಯೇ ಇರುವುದಿಲ್ಲ, ‘ಫೈನ್ ರೇನ್’ನಲ್ಲಿ ಕೊಡೆ ಬಿಚ್ಚಬೇಕು.

ಉಳಿದವು ಬೇಗ ಮುಗಿಯುತ್ತವೆ. ಆರೋಗ್ಯದ ಫೈನ್‌ಗೆ ಎದುರಾಳಿ ‘ಇಲ್’ ಅಥವಾ ‘ಅನ್‌ವೆಲ್’. ಸಮಾನಪದ ‘ವೆಲ್’, ‘ಆಲ್ ರೈಟ್’. ‘ಫೈನ್ ಡಿಸ್ಟಿಂಕ್ಷನ್’ ಅಂದರೆ ಥಟ್ಟನೆ ಕಾಣದ ವ್ಯತ್ಯಾಸ. ಎದುರಾಳಿ ‘ಆಬ್ವಿಯಸ್’. ಸಮಾನಪದ ‘ಸಟಲ್’, ಅದರ ಸ್ಪೆಲಿಂಗ್‌ನಲ್ಲಿರುವ ಬಿ ಉಚ್ಚಾರಕ್ಕೆ ಬರುವುದಿಲ್ಲ. ಚಾಕುವಿನ ‘ಫೈನ್ ಎಡ್ಜ್’ಗೆ ಎದುರಾಳಿ ‘ಬ್ಲಂಟ್’, ಸಮಾನಪದ ‘ಶಾರ್ಪ್’, ‘ಕೀನ್’. ಬ್ಯಾಟಿಗೂ ಚಾಕುವಿಗೂ ಒಂದೇ ಪದಗುಚ್ಛ, ಅರ್ಥ ಮಾತ್ರ ಬೇರೆ.

ಹಂತ 4: ಗುಂಪು ಸಿಕ್ಕ ಮೇಲೆ ತೂಕ ನೋಡಿ

ಒಂದೇ ಗುಂಪಿನ, ಅಂದರೆ ಒಂದೇ ಅರ್ಥದ, ಪದಗಳೂ ಒಂದೇ ತೂಕದವಲ್ಲ. ‘ಉತ್ತಮ’ ಎಂಬ ಅರ್ಥವನ್ನೇ ತೆಗೆದುಕೊಳ್ಳಿ. ‘ಗುಡ್’ಗಿಂತ ‘ಫೈನ್’ ಒಂದು ಮೆಟ್ಟಿಲು ಮೇಲೆ. ‘ಎಕ್ಸಲೆಂಟ್’ ಇನ್ನೂ ಮೇಲೆ. ‘ಸುಪರ್ಬ್’, ‘ಔಟ್‌ಸ್ಟ್ಯಾಂಡಿಂಗ್’ ಅದಕ್ಕೂ ಮೇಲೆ. ದಿನಾ ‘ಔಟ್‌ಸ್ಟ್ಯಾಂಡಿಂಗ್’ ಅಂತ ಬಳಸಿದರೆ ನಿಜವಾಗಿ ಬೇಕಾದ ದಿನ ಅದು ಸಪ್ಪೆಯಾಗಿರುತ್ತದೆ.

‘ಎಕ್ಸ್‌ಕ್ವಿಸಿಟ್’ ಪದದ ಬಗ್ಗೆ ಒಂದು ಮಾತು. ಅದು ಎಲ್ಲಾ ಒಳ್ಳೇದಕ್ಕೂ ಬರುವುದಿಲ್ಲ. ನಾಜೂಕಾದ, ಹತ್ತಿರದಿಂದ ನೋಡಿ ಮೆಚ್ಚುವಂಥ ಕೆಲಸಕ್ಕೆ ಅದು. ಬೇಲೂರಿನ ಮದನಿಕೆಯರ ಕೊರಳ ಹಾರದ ಒಂದೊಂದು ಮಣಿಯನ್ನೂ ಬಿಡಿಬಿಡಿಯಾಗಿ ಕಡೆದಿದ್ದಾರಲ್ಲ, ಅದು ‘ಎಕ್ಸ್‌ಕ್ವಿಸಿಟ್’. ವಿಜಯಪುರದ ಗೋಳಗುಮ್ಮಟದ ಗಾತ್ರ ನೋಡಿ ಬೆರಗಾದರೆ ‘ಮ್ಯಾಗ್ನಿಫಿಸೆಂಟ್’ ಅನ್ನಿ. ಎರಡು ಕಡೆಯೂ ‘ಫೈನ್’ ಅಂದರೆ ತಪ್ಪಿಲ್ಲ, ಆದರೆ ಕೇಳುವವರಿಗೆ ಏನೂ ಕಾಣಿಸುವುದಿಲ್ಲ. ಸಮಾನಪದ ಬೇಕಾಗುವುದು ಇಂಥ ಕಡೆಯೇ, ಸುಮ್ನೆ ಪದ ಬದಲಿಸುವುದಕ್ಕಲ್ಲ.

ಪಕ್ಕದಲ್ಲಿ ಯಾವ ನಾಮಪದ ಇದೆ ಅಂತಲೂ ನೋಡಿ. ನುಣ್ಣಗೆ ರುಬ್ಬಿದ ಚಟ್ನಿ ‘ಫೈನ್ ಪೇಸ್ಟ್’, ಅದನ್ನು ‘ಸ್ಮೂತ್ ಪೇಸ್ಟ್’ ಅನ್ನಬಹುದು. ನುಣ್ಣಗೆ ಕುಟ್ಟಿದ ಮೆಣಸಿನಪುಡಿ ‘ಫೈನ್ ಪೌಡರ್’, ಅದನ್ನು ‘ಸ್ಮೂತ್ ಪೌಡರ್’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಇಲ್ಲಿ ‘ಫೈನ್’ ಪದವನ್ನೇ ಇಟ್ಟುಕೊಳ್ಳಿ.

ಕೆಲವು ಜೋಡಿಗಳಲ್ಲಂತೂ ಕೈ ಹಾಕಲೇಬಾರದು. ‘ಫೈನ್ ಆರ್ಟ್ಸ್’ ಅಂದರೆ ಲಲಿತಕಲೆ. ಅದನ್ನು ‘ಎಕ್ಸಲೆಂಟ್ ಆರ್ಟ್ಸ್’ ಮಾಡಲಾಗದು. ‘ಫೈನ್ ಡೈನಿಂಗ್’, ‘ಫೈನ್-ಟ್ಯೂನ್’ ಕೂಡ ಹಾಗೇ. ‘ವಿತ್ ಎ ಫೈನ್-ಟೂತ್ ಕೋಂಬ್’ ಅಂದರೆ ಒಂದನ್ನೂ ಬಿಡದೆ ಜಾಲಾಡುವುದು. ಅಲ್ಲಿರುವ ಬಾಚಣಿಗೆ ಹೇನು ಸೀರು ತೆಗೆಯುವ ನಮ್ಮ ಸೀರಣಿಗೆಯೇ. ‘ಫೈನ್ ಪ್ರಿಂಟ್’ ಅಂದರೆ ವಿಮೆ ಕಾಗದದ ಕೆಳಗೆ ಇರುವೆ ಸಾಲಿನಂತೆ ಇರುವ ಷರತ್ತುಗಳು. ಇದಕ್ಕೆ ಮಾತ್ರ ‘ಸ್ಮಾಲ್ ಪ್ರಿಂಟ್’ ಎಂಬ ಬದಲಿ ಇದೆ. ‘ಒನ್ ಫೈನ್ ಡೇ’ಯಲ್ಲಿ ಫೈನ್‌ಗೆ ಅರ್ಥವೇ ಇಲ್ಲ. ‘ಹೀಗೇ ಒಂದಿನ’ ಅಂತ ಅಷ್ಟೇ. ಉಲ್ಟಾ ಪದ ಕೇಳುವ ಉಪಾಯ ಇಂಥ ಸಿದ್ಧ ಜೋಡಿಗಳಲ್ಲಿ ನಡೆಯುವುದಿಲ್ಲ. ನಡೆಯಲಿಲ್ಲ ಅಂದರೆ ‘ಇದು ಸಿದ್ಧ ಜೋಡಿ’ ಅಂತ ತಿಳಿದು ಹಾಗೇ ಬಿಟ್ಟುಬಿಡಿ.

ಹಂತ 5: ದನಿ ಕೇಳಿಸಿಕೊಳ್ಳಿ

ವಿದೇಶಕ್ಕೆ ಹೋದ ನಮ್ಮವರು ಹೊಸದರಲ್ಲಿ ತಬ್ಬಿಬ್ಬಾಗುವ ಜಾಗ ಇದು. ‘ಕಾಫಿ ತಗೋತೀರಾ?’ ಅಂತ ಕೇಳಿದ್ದಕ್ಕೆ ಎದುರಿನವರು ‘ಐ ಆಮ್ ಫೈನ್’ ಅನ್ನುತ್ತಾರೆ. ಆರೋಗ್ಯ ಕೇಳಲಿಲ್ಲವಲ್ಲ ಅಂತ ನಮಗೆ ಗೊಂದಲ. ಅದರರ್ಥ ‘ಬೇಡ, ಥ್ಯಾಂಕ್ಸ್’. ನಮ್ಮ ಕಡೆ ಮನೆಗೆ ಬಂದವರು ಬೇಡ ಅಂದರೂ ಎರಡು ಸಲ ಒತ್ತಾಯ ಮಾಡುತ್ತೇವೆ. ಅಲ್ಲಿ ‘ಐ ಆಮ್ ಫೈನ್’ ಬಂದ ಮೇಲೆ ಒತ್ತಾಯ ನಿಲ್ಲಿಸಿ.

ಒಂಟಿ ‘ಫೈನ್.’ ಇನ್ನೊಂದು ಕಥೆ. ವಾಟ್ಸಾಪ್‌ನಲ್ಲಿ ಉದ್ದದ ಸಮಜಾಯಿಷಿ ಕಳಿಸಿದ ಮೇಲೆ ಉತ್ತರವಾಗಿ ಬರೀ ‘ಫೈನ್’ ಮತ್ತು ಒಂದು ಪೂರ್ಣವಿರಾಮ ಬಂದರೆ, ಅದು ಒಪ್ಪಿಗೆ ಅಂತ ಖುಷಿಪಡಬೇಡಿ. ಕನ್ನಡದ ‘ಆಯ್ತು ಬಿಡು’ ಅದು. ಮದುವೆಯಾದವರಿಗೆ ವಿವರಿಸಬೇಕಿಲ್ಲ, ಅಲ್ವಾ? ನೀವು ನಿಜವಾಗಿ ಒಪ್ಪಿದ್ದೀರಿ ಅಂತ ತೋರಿಸಬೇಕಿದ್ದರೆ ‘ಶೂರ್’, ‘ಸೌಂಡ್ಸ್ ಗುಡ್’, ‘ದಟ್ ವರ್ಕ್ಸ್ ಫಾರ್ ಮೀ’ ಬರೆಯಿರಿ. ಕೆಲಸದ ಇಮೇಲ್‌ಗಳಲ್ಲಿ ನಾನಂತೂ ಒಂಟಿ ‘ಫೈನ್’ ಬಳಸಬೇಡಿ ಅಂತಲೇ ಹೇಳುತ್ತೇನೆ.

ಮೂರನೆಯದು ವ್ಯಂಗ್ಯ. ‘ಎ ಫೈನ್ ಮೆಸ್’, ‘ಎ ಫೈನ್ ಫ್ರೆಂಡ್ ಯು ಆರ್’. ಮೆಸ್ ಅಂದರೆ ರಾದ್ಧಾಂತ. ರಾದ್ಧಾಂತ ಎಲ್ಲಾದರೂ ಚೆನ್ನಾಗಿರುತ್ತದೆಯೇ? ಕೆಟ್ಟ ನಾಮಪದದ ಮುಂದೆ ‘ಫೈನ್’ ಕಂಡರೆ ಅದು ಕುಟುಕು ಅಂತ ತಿಳಿಯಿರಿ. ‘ದೊಡ್ಡ ಉಪಕಾರ ಮಾಡ್ದೆ ಕಣಯ್ಯ’ ಅನ್ನುವ ದನಿ. ಇಲ್ಲಿ ಬದಲಿ ಬೇಕಿದ್ದರೆ ‘ನೈಸ್’, ‘ಗ್ರೇಟ್’, ‘ಲವ್ಲಿ’ ನಡೆಯುತ್ತವೆ, ಎಲ್ಲವೂ ಹುಳಿ ಮುಖದಲ್ಲೇ.

ಹಂತ 6: ರೂಪ ಬದಲಿಸಿ ಪರೀಕ್ಷಿಸಿ

‘ಫೈನರ್’, ‘ಫೈನೆಸ್ಟ್’ ಅಂತ ಮಾಡಿ ನೋಡಿ. ‘ಫೈನರ್ ಪೌಡರ್’ ಸರಿ, ‘ದ ಫೈನೆಸ್ಟ್ ಸಿಂಗರ್’ ಸರಿ. ಆದರೆ ಜ್ವರ ಬಿಟ್ಟವರು ‘ಟುಡೇ ಐ ಆಮ್ ಫೈನರ್’ ಅನ್ನುವ ಹಾಗಿಲ್ಲ, ‘ಬೆಟರ್’ ಅನ್ನಬೇಕು. ‘ವೆರಿ ಫೈನ್’ ಕೂಡ ಹೀಗೇ. ‘ವೆರಿ ಫೈನ್ ಥ್ರೆಡ್’ ಒಳ್ಳೇ ಇಂಗ್ಲಿಷ್. ‘ಐ ಆಮ್ ವೆರಿ ಫೈನ್’ ಅಲ್ಲ, ‘ಐ ಆಮ್ ವೆರಿ ವೆಲ್’ ಅನ್ನಿ. ಆರೋಗ್ಯದ, ಒಪ್ಪಿಗೆಯ ಫೈನ್‌ಗೆ ಹೆಚ್ಚು ಕಡಿಮೆ ಎಂಬುದಿಲ್ಲ. ಸರಿ ಅಂದರೆ ಸರಿ.

ಕ್ರಿಯೆಗೆ ಅಂಟಿಕೊಂಡಾಗ ಇನ್ನೊಂದು ಕವಲು. ‘ದ ಫೋನ್ ವರ್ಕ್ಸ್ ಫೈನ್’ ಅಂದರೆ ಫೋನ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ. ಅಲ್ಲಿ ‘ಫೈನ್ಲಿ’ ಹಾಕಬೇಡಿ. ‘ಫೈನ್ಲಿ’ ಬರುವುದು ‘ಫೈನ್ಲಿ ಚಾಪ್ಡ್ ಆನಿಯನ್ಸ್’ ಕಡೆ, ಸಣ್ಣಗೆ ಹೆಚ್ಚಿದ ಈರುಳ್ಳಿಗೆ. ಹಾಗೇ ‘ಫೈನಲಿ’ ಬೇರೆ ಪದ, ಅದು ‘ಕೊನೆಗೂ’. ಕೈ ತಪ್ಪಿ ಒಂದೆರಡು ಅಕ್ಷರ ಆಚೀಚೆ ಆದರೆ ಸಣ್ಣಗೆ ಹೆಚ್ಚಿದ ಈರುಳ್ಳಿ ‘ಕೊನೆಗೂ ಹೆಚ್ಚಿದ ಈರುಳ್ಳಿ’ ಆಗುತ್ತದೆ. ಪಾಶ್ಚಾತ್ಯ ಸಂಗೀತದ ಸ್ವರಪುಸ್ತಕದಲ್ಲಿ ‘ಫೈನ್’ ಪದದ ಸ್ಪೆಲಿಂಗೇ ಕಂಡರೆ ಅದು ಇಟಾಲಿಯನ್. ‘ಫೀನೆ’ ಅಂತ ಓದಿ, ನುಡಿಸುವುದನ್ನು ಅಲ್ಲಿಗೆ ನಿಲ್ಲಿಸಬೇಕು.

ಹಂತ 7: ಕೈಯಲ್ಲಿ ಮಾಡಿ ನೋಡಿ

ಐದು ವಾಕ್ಯ ಕೊಡುತ್ತೇನೆ. ಉತ್ತರ ಓದುವ ಮೊದಲು ಒಂದು ಕ್ಷಣ ಉಲ್ಟಾ ಪದ ಯೋಚಿಸಿ.

‘ಮಂಡೇ ಈಸ್ ಫೈನ್ ವಿತ್ ಮೀ.’ ಪದ ‘ಈಸ್’ ಹಿಂದೆ ಇದೆ. ಉಲ್ಟಾ ಏನು? ಸೋಮವಾರ ಆಗುವುದಿಲ್ಲ ಅಂತ. ಹಾಗಾಗಿ ಇದು ಒಪ್ಪಿಗೆಯ ಫೈನ್. ‘ಓಕೆ’, ‘ಆಲ್ ರೈಟ್’ ಹಾಕಿ, ಅಥವಾ ‘ಮಂಡೇ ಸೂಟ್ಸ್ ಮೀ’ ಅನ್ನಿ. ಕಚೇರಿ ಭಾಷೆ ಬೇಕಿದ್ದರೆ ‘ಕನ್ವೀನಿಯೆಂಟ್’.

‘ಶೀ ಹ್ಯಾಸ್ ಎ ಫೈನ್ ಇಯರ್ ಫಾರ್ ಮ್ಯೂಸಿಕ್.’ ಕಿವಿ ಅಂದವಾಗಿದೆ ಅಂತ ಅಲ್ಲ. ಶ್ರುತಿ ಒಂದಿಷ್ಟು ಜಾರಿದರೂ ಹಿಡಿಯುವ ಕಿವಿ. ಉಲ್ಟಾ ‘ಡಲ್’ ಅಥವಾ ‘ಪೂರ್’. ಸಮಾನಪದ ‘ಕೀನ್’, ‘ಸೆನ್ಸಿಟಿವ್’. ‘ಎಕ್ಸಲೆಂಟ್’ ಕೂಡ ನಡೆಯುತ್ತದೆ, ಆದರೆ ಆ ಸೂಕ್ಷ್ಮತೆ ಅದರಲ್ಲಿ ಕಳೆದುಹೋಗುತ್ತದೆ.

‘ದೇರ್ ಈಸ್ ಎ ಫೈನ್ ಲೈನ್ ಬಿಟ್ವೀನ್ ಕಾನ್ಫಿಡೆನ್ಸ್ ಅಂಡ್ ಆರೊಗೆನ್ಸ್.’ ಆತ್ಮವಿಶ್ವಾಸಕ್ಕೂ ಅಹಂಕಾರಕ್ಕೂ ಕೂದಲೆಳೆಯ ಅಂತರ. ಉಲ್ಟಾ ‘ಥಿಕ್’ ಅಥವಾ ‘ಕ್ಲಿಯರ್’. ಬದಲಿಗೆ ‘ಥಿನ್ ಲೈನ್’ ಧಾರಾಳವಾಗಿ ಬಳಸಿ. ‘ಡೆಲಿಕೇಟ್ ಲೈನ್’ ಬೇಡ, ಅದು ಚಿತ್ರಕಲೆಯ ಗೆರೆಯ ಮಾತು.

‘ದಟ್ಸ್ ಎ ಫೈನ್ ಎಕ್ಸ್‌ಕ್ಯೂಸ್!’ ನೆಪ ಯಾವತ್ತೂ ಹೊಗಳಿಸಿಕೊಳ್ಳುವ ವಸ್ತು ಅಲ್ಲ. ಜೊತೆಗೆ ಆಶ್ಚರ್ಯಸೂಚಕ ಬೇರೆ. ಇದು ವ್ಯಂಗ್ಯ. ‘ಗ್ರೇಟ್ ಎಕ್ಸ್‌ಕ್ಯೂಸ್!’ ಸರಿಹೋಗುತ್ತದೆ. ಕನ್ನಡಕ್ಕೆ ತರುವಾಗ ‘ಉತ್ತಮ ನೆಪ’ ಅನ್ನದೆ ‘ಒಳ್ಳೇ ನೆಪ ಸಿಕ್ತು ನಿಂಗೆ’ ಅಂದರೆ ಕುಟುಕು ಉಳಿಯುತ್ತದೆ.

‘ವಿ ಕಟ್ ಇಟ್ ಫೈನ್.’ ರೈಲು ಹೊರಡಲು ಎರಡೇ ನಿಮಿಷ ಇರುವಾಗ ಓಡಿ ಬಂದು ಹತ್ತಿದವರ ಮಾತು ಇದು. ಯಾವುದನ್ನೂ ಕತ್ತರಿಸಿಲ್ಲ. ಮಧ್ಯೆ ಉಳಿಸಿಕೊಂಡ ಸಮಯ ತೀರಾ ತೆಳು. ಇದು ಬ್ರಿಟಿಷರ ನುಡಿಗಟ್ಟು. ಅಮೆರಿಕದವರ ಜೊತೆ ಮಾತಾಡುವಾಗ ‘ವಿ ಕಟ್ ಇಟ್ ಕ್ಲೋಸ್’ ಅನ್ನಿ, ಅವರಿಗೆ ಅದೇ ರೂಢಿ.